ಕಿನ್ನಾಳದ ಗೊಂಬೆಗಳು

ಕೊಪ್ಪಳಕ್ಕೆ ಹೋದವರು ಕೋಟೆಯನ್ನೂ ಗವಿಮಠವನ್ನೂ ಕಂಡು ಮರಳುವುದುಂಟು. ಅಲ್ಲಿಂದ ಸುಮಾರು 13 ಕಿಲೋಮೀಟರು ದೂರದ ಕಿನ್ನಾಳವನ್ನು ಕಾಣದಿದ್ದರೆ ಆ ಪ್ರವಾಸವು ಅರ್ಧವೇ ಸರಿ. ಹಂಪೆಯ ವಿರೂಪಾಕ್ಷ ದೇವಾಲಯದ ಚಿತ್ರಗಳನ್ನು ಬರೆದವರ ವಂಶದವರೆಂದು ಪ್ರತೀತಿಯುಳ್ಳ ಚಿತ್ರಗಾರರು ಇಲ್ಲಿ ಹಗುರಾದ ಮರದಲ್ಲಿ ಗೌರಿ, ಗಣಪತಿ, ಗರುಡ, ಕಾಮಧೇನುಗಳನ್ನು ಕೆತ್ತುತ್ತಾರೆ.

ಈ ಗೊಂಬೆಗಳ ಸೊಬಗು ಪದರಪದರವಾಗಿ ಏರುವಂಥದು. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟನ್ನೂ ಹುಣಿಸೆಬೀಜದ ಅಂಟನ್ನೂ ಬೆರೆಸಿದರೆ ‘ಕಿಟ್ಟ’ವಾಗುತ್ತದೆ. ಅದನ್ನು ಗೊಂಬೆಯ ಮೈಗೆಲ್ಲ ಬಳಿದು, ಮೇಲೆ ಅರಿವೆಯ ತುಣುಕುಗಳನ್ನು ಅಂಟಿಸುವರು. ಅನಂತರ ಕಲ್ಲುಪುಡಿಯ ಲೇಪನ, ಅಂಟು ಬೆರೆಸಿದ ಅದೇ ಪುಡಿಯಿಂದಲೇ ಸರ, ಕಿರೀಟಗಳು ಉಬ್ಬಿ ನಿಲ್ಲುವುವು, ಕಟ್ಟಕಡೆಗೆ ಬಣ್ಣ.

ಹಬ್ಬದ ಶುಭಾಶಯ ಪತ್ರಗಳನ್ನು ಮನೆಯಲ್ಲಿಯೇ ಅಚ್ಚೊತ್ತಿ, ಕಾಗದದ ಮೇಲೆ ಕಾಗದವನ್ನು ಅಂಟಿಸಿ ಸಿಂಗರಿಸುವ ನಮ್ಮ ಹೆಣ್ಣುಮಕ್ಕಳು ಇದರ ಮರ್ಮವನ್ನು ಬಲ್ಲರು: ಕೆಳಗಿನ ಪದರ ಆರುವ ತನಕ ಮೇಲಿನದಕ್ಕೆ ಕೈಹಚ್ಚಲಾಗದು. ಅಚ್ಚಿನಲ್ಲಿ ಕ್ಷಣಕ್ಕೊಂದರಂತೆ ಬೀಳುವ ಪ್ಲಾಸ್ಟಿಕ್ ಬೊಂಬೆಗೆ ಈ ಕಾಯುವಿಕೆಯಿಲ್ಲ. ಆದುದರಿಂದಲೇ ಅದು ಅಗ್ಗ. ಅದರೆದುರು ಈ ಕಸಬನ್ನು ಹಿಡಿದುಳಿದ ಮನೆಗಳು ಈಗ ಕೆಲವೇ. ವಾಚಕರು ಬರುವ ಗೌರಿಹಬ್ಬಕ್ಕೆ ಕಿನ್ನಾಳದ ಗೌರಿಯನ್ನು ಮನೆಗೆ ತಂದರೆ, ಪೂಜೆಯೂ ಸಾಗುವುದು. ಅಲ್ಲೊಂದು ಮನೆಯ ಕುಂಚವೂ ಒಣಗದು.