ಯಾರದೋ ಹೊಲ, ಎಲ್ಲರ ದಾರಿ

ಈ ಬೇಸಿಗೆಯಲ್ಲಿ ಬ್ರಿಟನ್ನಿನಲ್ಲಿ ಟೆಂಟು ಹೊತ್ತು ಸುತ್ತಿದ್ದೇ ಸುತ್ತಿದ್ದು. ಬೆನ್ ನೆವಿಸ್ (1345 ಮೀಟರ್), ಸ್ನೋಡನ್ (1085 ಮೀಟರ್)... ಎರಡರ ತುದಿಯಲ್ಲೂ ಕಂಡದ್ದು ಬರೀ ಮಂಜು! ನಮ್ಮ ಮುಳ್ಳಯ್ಯನಗಿರಿ ಇವೆರಡಕ್ಕಿಂತ ಎತ್ತರ ಅಂತ ಗೆಳೆಯನಿಗೆ ಹೇಳಿ ಸಮಾಧಾನ ಪಟ್ಟುಕೊಂಡೆ.

ಆದ್ರೆ ಮನಸ್ಸಲ್ಲಿ ಉಳಿದದ್ದು ಬೆಟ್ಟ ಅಲ್ಲ, ಕಾಲುದಾರಿಗಳು. ಇಂಗ್ಲೆಂಡಿನಲ್ಲಿ ಯಾರದೋ ಹೊಲದ ನಡುವೆಯೇ ಸಾರ್ವಜನಿಕ ದಾರಿ ಹೋಗುತ್ತದೆ. ಬೇಲಿ ದಾಟಲು ಮರದ ಮೆಟ್ಟಿಲು, ಆರ್ಡ್‌ನೆನ್ಸ್ ಸರ್ವೆ ನಕ್ಷೆಯಲ್ಲಿ ಹಸಿರು ಚುಕ್ಕಿಗೆರೆ. ಮೊದಮೊದಲು ಎದೆ ಡವಡವ. ಕಪ್ಪು ಮೈಯವನು, ಬೆನ್ನ ಮೇಲೆ ಇಷ್ಟು ದೊಡ್ಡ ಗಂಟು, ಯಾರಾದ್ರೂ 'ಇಲ್ಲೇನು ಕೆಲಸ?' ಅಂದ್ರೆ? ಡರ್ಬಿಷೈರಿನಲ್ಲಿ ಒಬ್ಬ ರೈತ ಎದುರಾಗಿಯೇ ಬಿಟ್ಟ. 'ಗೇಟು ಹಾಕ್ಕೊಂಡು ಹೋಗಪ್ಪಾ, ಕುರಿ ಇವೆ' ಅಂದ. ಅಷ್ಟೇ! ಆಮೇಲೆ ನನ್ನ ನಡಿಗೆಯೇ ಬದಲಾಯ್ತು.

ಕಾಲುದಾರಿಗಳು ಹಳೆಯವು. ಆದ್ರೆ ದಾರಿ ಬಿಟ್ಟು ಬೆಟ್ಟದಲ್ಲಿ ಅಲೆಯುವ ಹಕ್ಕು ಪುಕ್ಕಟೆ ಬಂದದ್ದಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ಕೆಲಸಗಾರರೆಲ್ಲ ಸೇರಿ, ಶ್ರೀಮಂತರ ಹಕ್ಕಿಬೇಟೆಗೆ ಮೀಸಲಾಗಿದ್ದ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಬೇಕೆಂದೇ ನುಗ್ಗಿದರು. ಐವರು ಜೈಲಿಗೆ ಹೋದರು. 1951ರಲ್ಲಿ ಅದೇ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯ್ತು. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಬೆಟ್ಟಬಯಲು ಸುತ್ತುವ ಹಕ್ಕಿಗೆ ಕಾನೂನು ಬರಲು 2000ದವರೆಗೆ ಕಾಯಬೇಕಾಯ್ತು. ಟೆಂಟು ಹಾಕೋದಕ್ಕೆ ಮಾತ್ರ ಇಂಗ್ಲೆಂಡಿನಲ್ಲಿ ಬಹುತೇಕ ಕಡೆ ಜಮೀನಿನವರ ಒಪ್ಪಿಗೆ ಬೇಕು. ಸ್ಕಾಟ್ಲೆಂಡಿನಲ್ಲಿ 2003ರ ಕಾನೂನು ಅದಕ್ಕೂ ಅವಕಾಶ ಕೊಟ್ಟಿದೆ.

ನಮ್ಮ ಅಜ್ಜಿಮನೆಗೆ ಅಡಿಕೆ ತೋಟದ ಮಧ್ಯೆ ಹೋಗ್ತಿದ್ದ ಕಾಲುದಾರಿಗೆ ಈಗ ತಂತಿಬೇಲಿ ಬಿದ್ದಿದೆ. ನಿಮ್ಮೂರ ಕಾಲುದಾರಿಗಳು ಇನ್ನೂ ಇವೆಯಾ?