ನೇತ್ರಾಣಿಯಲ್ಲಿ ನೀರಿಗಿಳಿಯೋ ಮುಂಚೆ

ಸ್ಕೂಬಾ ಅಂದ ಕೂಡಲೇ ನಮ್ಮವರ ಬಾಯಲ್ಲಿ ಬರೋದು ಅಂಡಮಾನ್, ಇಲ್ಲಾಂದ್ರೆ ಬಾಲಿ. ಇಂಡೊನೇಷ್ಯಾದ ರಾಜಾ ಅಂಪಾಟ್‌ಗೆ ಹೋಗಲೇಬೇಕು ಅಂತ ದುಡ್ಡು ಕೂಡಿಡ್ತಿರೋನು ನಮ್ಮ ಆಫೀಸಲ್ಲೇ ಒಬ್ಬನಿದ್ದಾನೆ. ಆಸೆ ತಪ್ಪಲ್ಲ, ಜಗತ್ತಿನ ಹವಳದ ಜಾತಿಗಳಲ್ಲಿ ಹೆಚ್ಚಿನವು ಇರೋದು ಆ ಕಡೆಯ ಸಮುದ್ರದಲ್ಲೇ. ಆದರೆ ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಬಸ್ ಹತ್ತಿ, ಶನಿವಾರವೇ ಹವಳ ನೋಡಬೇಕು ಅಂದ್ರೆ ನಮಗಿರೋದು ನೇತ್ರಾಣಿ.

ಮುರುಡೇಶ್ವರದ ತೀರದಿಂದ ಸುಮಾರು 19 ಕಿ.ಮೀ. ದೂರ. ದೋಣಿಯಲ್ಲಿ ಗಂಟೆ, ಒಂದೂವರೆ ಗಂಟೆ. ಬೆಳಗಿನ ತಿಂಡಿ ಹಗುರವಾಗಿರಲಿ, ಅರ್ಧ ದಾರಿಯಲ್ಲಿ ಅದು ಯಾಕೆ ಅಂತ ನಿಮಗೇ ಗೊತ್ತಾಗುತ್ತೆ! ಜನವಸತಿ ಇಲ್ಲದ ಗುಡ್ಡ ಅದು. ಮೀನುಗಾರರು ಹರಕೆಗೆ ಬಿಟ್ಟ ಆಡುಗಳ ಸಂತತಿ ಮೇಲೆಲ್ಲೋ ಮೇಯ್ತಿರುತ್ತೆ, ಬಿಳಿಹೊಟ್ಟೆಯ ಕಡಲ ಹದ್ದು ಸುತ್ತು ಹೊಡೀತಿರುತ್ತೆ. ನೌಕಾಪಡೆ ಬಹಳ ಕಾಲ ಗುಂಡಿನ ಗುರಿ ಅಭ್ಯಾಸಕ್ಕೆ ಬಳಸಿದ ದ್ವೀಪವೂ ಇದೇ. ಹಾಗಾಗಿ ದಡ ಹತ್ತೋ ಆಸೆ ಬೇಡ, ನೋಡೋದೆಲ್ಲ ಕೆಳಗೇ ಇದೆ.

ಈಜು ಬರಲ್ಲ ಅಂತ ಹಿಂದೇಟು ಹಾಕೋರು ತುಂಬಾ ಜನ. ಮೊದಲ ಸಲದವರ ಜೊತೆ ಒಬ್ಬ ತರಬೇತುದಾರ ಕೈ ಬಿಡದೇ ಇರ್ತಾನೆ, ಹೆಚ್ಚು ಆಳಕ್ಕೂ ಕರ್ಕೊಂಡು ಹೋಗಲ್ಲ. ನಿಜವಾಗಿ ಕಲಿಯಬೇಕಾದ್ದು ಎರಡೇ. ಉಸಿರು ಹಿಡಿಯಬಾರದು, ಯಾವತ್ತೂ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದ್ದಕ್ಕಿಂತ ಎರಡು ಪಟ್ಟು. ಅಲ್ಲಿ ಉಸಿರು ಬಿಗಿಹಿಡಿದು ಮೇಲೆ ಬಂದ್ರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಪೆಟ್ಟು. ಎರಡನೆಯದು, ಕಿವಿ ಗಡಚಿಕ್ಕೋ ಮೊದಲೇ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತೋದು. ಅಸ್ತಮಾ, ಹೃದಯದ ತೊಂದರೆ ಇದ್ರೆ ಡಾಕ್ಟರನ್ನ ಕೇಳದೆ ಹೊರಡಬೇಡಿ. ಫಾರ್ಮಿನಲ್ಲಿ ಎಲ್ಲದಕ್ಕೂ 'ಇಲ್ಲ' ಅಂತ ಟಿಕ್ ಮಾಡೋ ಅಭ್ಯಾಸ ನಮ್ಮಲ್ಲಿ ಜಾಸ್ತಿ.

ಕೆಳಗೆ ಮೊದಲು ಕಳೆದುಹೋಗೋದು ಕೆಂಪು ಬಣ್ಣ. ಕೆಂಪು ಪಟ್ಟಿಯ ಗ್ಲೌಸು ಆಳಕ್ಕೆ ಹೋಗ್ತಾ ಹೋಗ್ತಾ ಬೂದಿಯಾಗುತ್ತೆ. ಆಮೇಲೆ ನಿಮ್ಮ ಉಸಿರಿನ ಸದ್ದು ಮಾತ್ರ. ಚಿಟ್ಟೆಮೀನುಗಳು ಜೋಡಿಯಾಗಿ ಮುಖದ ಮುಂದೆಯೇ ಹಾದು ಹೋಗ್ತವೆ. ಬಂಡೆಯ ಸಂದಿಯಿಂದ ಮೊರೇ ಈಲ್ ಬಾಯಿ ತೆರೆದು ಮುಚ್ಚಿ ಮಾಡ್ತಿದ್ರೆ ಹೆದರಬೇಡಿ, ಅದು ಬೈತಿಲ್ಲ, ಉಸಿರಾಡ್ತಿದೆ. ನನಗಂತೂ ಗಿಳಿಮೀನೇ ಅಚ್ಚುಮೆಚ್ಚು. ಹವಳದ ಮೇಲಿನ ಪಾಚಿಯನ್ನ ಕೊಕ್ಕಿನಂಥ ಹಲ್ಲಿಂದ ಕೆರೆದು ತಿನ್ನುತ್ತೆ, ಜೊತೆಗೆ ಬಂದ ಸುಣ್ಣದ ಚೂರನ್ನ ಅರೆದು ಮರಳಾಗಿ ಹೊರಗೆ ಹಾಕುತ್ತೆ. ಹವಳದ ದ್ವೀಪಗಳಲ್ಲಿ ನಾವು ಫೋಟೊ ತೆಗೆಸಿಕೊಳ್ಳೋ ಬಿಳಿ ಮರಳಲ್ಲಿ ಈ ಮೀನಿನ ಪಾಲು ಸಾಕಷ್ಟಿದೆ. ಅದೃಷ್ಟ ಇದ್ರೆ ಕಡಲಾಮೆ. ಇನ್ನೂ ದೊಡ್ಡ ಅದೃಷ್ಟ ಇದ್ರೆ ತಿಮಿಂಗಿಲ ಶಾರ್ಕ್, ಜಗತ್ತಿನ ಅತಿ ದೊಡ್ಡ ಮೀನು. ನನಗೆ ಕಂಡಿಲ್ಲ.

ಇಷ್ಟರ ಮಧ್ಯೆ ನಮ್ಮ ಗುಂಪಿನ ಹುಡುಗನೊಬ್ಬ ಕ್ಯಾಮೆರಾಗೆ ಪೋಸ್ ಕೊಡೋಕೆ ಹವಳದ ಮೇಲೆ ಕಾಲೂರಲು ಹೊರಟ. ತರಬೇತುದಾರ ಟ್ಯಾಂಕ್ ಹಿಡಿದು ಅವನನ್ನ ಮೇಲಕ್ಕೆಳೆದ. ದೋಣಿಗೆ ಬಂದ ಮೇಲೆ "ಕಲ್ಲು ತಾನೇ ಬ್ರೋ" ಅಂದ ಹುಡುಗ.

ಕಲ್ಲಲ್ಲ. ಹವಳ ಅಂದ್ರೆ ಪುಟ್ಟ ಪುಟ್ಟ ಪ್ರಾಣಿಗಳ ಕಾಲೊನಿ. ಅವುಗಳ ಮೈಯೊಳಗೆ ಬಾಡಿಗೆಗಿರೋ ಪಾಚಿಯೇ ಬಣ್ಣವನ್ನೂ ಊಟವನ್ನೂ ಕೊಡೋದು. ನೀರು ಅತಿಯಾಗಿ ಬಿಸಿಯಾದ್ರೆ ಹವಳ ಆ ಪಾಚಿಯನ್ನ ಹೊರಹಾಕುತ್ತೆ, ಬೆಳ್ಳಗಾಗುತ್ತೆ, ಬಿಸಿ ಇಳಿಯದಿದ್ರೆ ಹಸಿವಿಂದ ಸಾಯುತ್ತೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯ್ತು, 2024ರಲ್ಲಿ ಮತ್ತೆ ಆಯ್ತು. ಸಮುದ್ರದ ಬಿಸಿಯನ್ನ ವೀಕೆಂಡಿಗೆ ಬಂದ ನಾವು ಇಳಿಸೋಕಾಗಲ್ಲ. ಕಾಲನ್ನ ಮೇಲಿಟ್ಟುಕೊಳ್ಳಬಹುದಲ್ಲ? ಅಂದ ಹಾಗೆ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ, ನೆನಪಿಗೆ ಅಂತ ಒಂದು ಚೂರು ಬ್ಯಾಗಿಗೆ ಹಾಕಿಕೊಂಡ್ರೂ ಅಪರಾಧ.

ವಾಪಸ್ ಬರುವಾಗ ದೋಣಿಯ ಅಣ್ಣ ಚುಕ್ಕಾಣಿ ಹಿಡಿದೇ ಮಾತಾಡ್ತಿದ್ರು. ಅವರ ಅಪ್ಪನ ಕಾಲದ್ದೆಲ್ಲ ಬಲೆ. "ಮೊದ್ಲು ಮೀನು ಹಿಡ್ದು ಮಾರ್ತಿದ್ವು ಮೇಡಂ, ಈಗ ಬರೀ ತೋರ್ಸೂಕೂ ದುಡ್ಡು ಕೊಡ್ತ್ರು" ಅಂತ ನಕ್ಕರು. ಹವಳ ಸತ್ರೆ ಏನ್ಮಾಡ್ತೀರಿ ಅಂತ ಕೇಳಿದೆ. ಅವರು ದ್ವೀಪದ ಕಡೆಗೊಮ್ಮೆ ತಿರುಗಿ ನೋಡಿದರು. "ಮೀನೂ ಇರೂದಿಲ್ಲ, ನೀವೂ ಬರೂದಿಲ್ಲ."

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಡೈವಿಂಗ್ ಬಂದ್. ಚಳಿಗಾಲದ ವಾರದ ದಿನಗಳಲ್ಲಿ ರಜೆ ಹಾಕಿ ಹೋಗಿ, ದೋಣಿಯಲ್ಲಿ ನೂಕುನುಗ್ಗಲು ಕಡಿಮೆ. ಸನ್‌ಸ್ಕ್ರೀನ್ ಬದಲು ಉದ್ದ ತೋಳಿನ ಅಂಗಿ ಸಾಕು. ಮೊದಲ ಮುಳುಗಿಗೆ ಸಿಗೋ ಪ್ರಮಾಣಪತ್ರ ನೆನಪಿಗಷ್ಟೇ. 18 ಮೀಟರ್‌ವರೆಗೆ ಇಳಿಯೋ ಓಪನ್ ವಾಟರ್ ಕೋರ್ಸಿಗೆ ಮೂರ್ನಾಲ್ಕು ದಿನ ಬೇಕು. ಗೋವಾ ಅಥವಾ ಮಂಗಳೂರಿಂದ ವಿಮಾನದಲ್ಲಿ ವಾಪಸಾಗೋರು ಡೈವ್ ಆದ ಮೇಲೆ 18 ಗಂಟೆ ಬಿಟ್ಟು ಟಿಕೆಟ್ ಬುಕ್ ಮಾಡಿ. ಬಸ್ಸಲ್ಲಿ ಬರೋರಿಗೆ ಆ ಚಿಂತೆ ಇಲ್ಲ, ಘಾಟಿಯ ತಿರುವುಗಳದ್ದು ಮಾತ್ರ.