ಲಕ್ಷ್ಯವೂ ಲಕ್ಷಣವೂ

ವ್ಯಾಕರಣಶಾಸ್ತ್ರದಲ್ಲಿ ಸೂತ್ರಕ್ಕೆ ಲಕ್ಷಣವೆಂದೂ, ಅದಕ್ಕೆ ಉದಾಹರಣೆಯಾಗಿ ನಿಲ್ಲುವ ಪ್ರಯೋಗಕ್ಕೆ ಲಕ್ಷ್ಯವೆಂದೂ ಹೆಸರು. ಲಕ್ಷ್ಯವಿಲ್ಲದ ಲಕ್ಷಣವು ಬರಿಯ ಬಾಯಿಪಾಠ. ಮೂವತ್ತೈದು ವರ್ಷ ಸಂಸ್ಕೃತೋಪಾಧ್ಯಾಯನಾಗಿದ್ದ ನಾನು, ಸೋಲಿನಿಂದ ಎದೆಗುಂದಬಾರದೆಂಬ ಲಕ್ಷಣವನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಅದರ ಲಕ್ಷ್ಯವನ್ನು ಕಂಡುದು ನಿವೃತ್ತನಾದಮೇಲೆ. ವಿನೋದವೆಂದರೆ, ಆ ತರುಣನ ಹೆಸರೂ ಲಕ್ಷ್ಯನೆಂದೇ.

2024ನೆಯ ಆಗಸ್ಟ್ ತಿಂಗಳ ಮೊದಲ ವಾರ. ಹನ್ನೊಂದು ವರ್ಷದ ನನ್ನ ಮೊಮ್ಮಗಳು ಶಾಲೆಯ ಬ್ಯಾಡ್ಮಿಂಟನ್ ಪಂದ್ಯದಲ್ಲಿ ಸೋತುಬಂದು, ಬ್ಯಾಟನ್ನು ಅಟ್ಟಕ್ಕೆ ಎಸೆದಿದ್ದಳು. “ಹೋಗಲಿ ಬಿಡಿ ಮಾವ, ಇನ್ನಾದರೂ ಓದಿಕೊಳ್ಳಲಿ” ಎಂದಳು ಸೊಸೆ. ನಾನೂ ಸುಮ್ಮನಿದ್ದೆನು. ಆ ಸೋಮವಾರ ಸಂಜೆ ಪ್ಯಾರಿಸ್ ಒಲಿಂಪಿಕ್ಸಿನ ಕಂಚಿನ ಪದಕದ ಪಂದ್ಯವನ್ನು ನೋಡಲು ಮನೆಯವರೆಲ್ಲರೂ ಟೆಲಿವಿಷನ್ನಿನ ಮುಂದೆ ಕುಳಿತೆವು.

ಲಕ್ಷ್ಯ ಸೇನನು ಹುಟ್ಟಿದ್ದು ಹಿಮಾಲಯದ ಮಡಿಲಿನ ಅಲ್ಮೋರದಲ್ಲಿ, 2001ರಲ್ಲಿ. ಅಜ್ಜನ ಕಾಲದಿಂದಲೂ ಆ ಮನೆಯಲ್ಲಿ ಈ ಆಟವು ಕುಲವಿದ್ಯೆ. ತಂದೆಯೇ ಪ್ರಥಮ ಗುರು. ಅಣ್ಣ ಚಿರಾಗನೂ ಆಟಗಾರ. ಹತ್ತು ವರ್ಷದ ಆಸುಪಾಸಿನಲ್ಲಿಯೇ ಮನೆ ಬಿಟ್ಟು ಬೆಂಗಳೂರಿಗೆ ಬಂದು, 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಗೆದ್ದ ನಮ್ಮ ಪ್ರಕಾಶ ಪಡುಕೋಣೆಯವರ ಅಕಾಡೆಮಿಯನ್ನು ಸೇರಿದನು. 2018ರಲ್ಲಿ ಏಷ್ಯದ ಕಿರಿಯರ ಪ್ರಶಸ್ತಿ. 2021ರಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಕಂಚು. 2022ರಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳ ಚಿನ್ನ. ಅದೇ ವರ್ಷ ಭಾರತವು ಮೊದಲನೆಯ ಬಾರಿಗೆ ಥಾಮಸ್ ಕಪ್ಪನ್ನು ಗೆದ್ದಾಗ, ಅಂತಿಮ ಹಣಾಹಣಿಯ ಮೊದಲ ಪಂದ್ಯವನ್ನು ಆಡಿದವನು ಇವನೇ; ಮೊದಲ ಗೇಮನ್ನು 8-21ರಿಂದ ಕಳೆದುಕೊಂಡೂ ಪಂದ್ಯವನ್ನು ಗೆದ್ದುಕೊಟ್ಟನು.

ಪ್ಯಾರಿಸಿನಲ್ಲಿ ಹಾಗಾಗಲಿಲ್ಲ. ಒಲಿಂಪಿಕ್ಸಿನ ಪುರುಷರ ಸಿಂಗಲ್ಸಿನಲ್ಲಿ ಸೆಮಿಫೈನಲ್ ಮುಟ್ಟಿದ ಮೊದಲ ಭಾರತೀಯನೆನಿಸಿದರೂ, ಅಲ್ಲಿ ಡೆನ್ಮಾರ್ಕಿನ ವಿಕ್ಟರ್ ಆಕ್ಸೆಲ್ಸನ್ನನ ಮೇಲೆ 20-17ರ ಮುನ್ನಡೆಯಿದ್ದ ಗೇಮನ್ನೂ, 7-0ಯ ಮುನ್ನಡೆಯಿದ್ದ ಗೇಮನ್ನೂ ಕೈಬಿಟ್ಟನು. ಮರುದಿನ ನಾವು ನೋಡುತ್ತಿದ್ದ ಪಂದ್ಯದಲ್ಲಿ, ಮಲೇಷ್ಯದ ಲೀ ಝೀ ಜಿಯಾನ ವಿರುದ್ಧ ಮೊದಲ ಗೇಮ್ 21-13ರಿಂದ ಇವನದಾಯಿತು. ಆಮೇಲೆ 16-21, 11-21. ಮೊಣಕೈಯಿಂದ ರಕ್ತ ಒಸರುತ್ತಿದ್ದಿತು. ಇಪ್ಪತ್ತಮೂರು ತುಂಬಲು ಅವನಿಗಿನ್ನೂ ಹನ್ನೊಂದು ದಿನಗಳಿದ್ದುವು.

“ಇನ್ನೇನು ಮಾಡುತ್ತಾನೆ, ತಾತ?” ಎಂದು ಮೊಮ್ಮಗಳು ಕೇಳಿದಳು.

ಆ ಪ್ರಶ್ನೆಯು ನನ್ನನ್ನು ಹಳೆಯ ತರಗತಿಯೊಂದಕ್ಕೆ ಎಳೆದೊಯ್ದಿತು. ಪರೀಕ್ಷೆಯ ಫಲವನ್ನು ಓದುವ ದಿನ, ಅನುತ್ತೀರ್ಣರಾದವರನ್ನು ಎದ್ದು ನಿಲ್ಲಿಸುವುದು ನನ್ನ ಪದ್ಧತಿ. ನಾಚಿಕೆಯು ಬುದ್ಧಿ ಕಲಿಸುವುದೆಂದು ನಂಬಿದ್ದೆನು. ಒಂದು ವರ್ಷ ಹಾಗೆ ನಿಂತ ಹುಡುಗನೊಬ್ಬನು ಮರುದಿನ ಶಾಲೆಗೆ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ನಾನು ಅವನ ಮನೆಯ ಬಾಗಿಲಿಗೆ ಹೋಗಿ ಕರೆಯಲೂ ಇಲ್ಲ. ಸೋಲಿನಿಂದ ಎದೆಗುಂದಬಾರದೆಂದು ಬೋಧಿಸಿದ ಬಾಯಿಯೇ ಸೋತವನ ಎದೆಯನ್ನು ಒಡೆದಿದ್ದಿತು.

“ಸ್ವಲ್ಪ ದಿನ ದುಃಖಪಡುತ್ತಾನೆ ಮಗು, ಆಮೇಲೆ ಅಭ್ಯಾಸಕ್ಕೆ ಹೋಗುತ್ತಾನೆ” ಎಂದೆನು. ಹೇಳಿದೆನೇ ಹೊರತು, ನನಗೂ ಖಂಡಿತವಾಗಿ ತಿಳಿದಿರಲಿಲ್ಲ.

ಅವನು ಹೋದನು. ಮುಂದಿನ ವರ್ಷ ಎಷ್ಟೋ ಪಂದ್ಯಾವಳಿಗಳಲ್ಲಿ ಮೊದಲ ಸುತ್ತಿನಲ್ಲಿಯೇ ಸೋತನು. ಸೆಪ್ಟೆಂಬರಿನಲ್ಲಿ ಹಾಂಗ್‌ಕಾಂಗಿನ ಫೈನಲಿನಲ್ಲಿಯೂ ಸೋತನು. 2025ರ ನವೆಂಬರಿನಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯನ್ ಓಪನ್ ಪ್ರಶಸ್ತಿಯನ್ನು ಗೆದ್ದನು. ಮರುದಿನ ಪತ್ರಿಕೆಯ ಆ ಸುದ್ದಿಯನ್ನು ಗಟ್ಟಿಯಾಗಿ ಓದಿ ಹೇಳಿದವಳು ಮೊಮ್ಮಗಳೇ.

ಸೋತಾಗ ನೋವಾಗಬಾರದೆಂಬುದು ಲಕ್ಷಣದ ಅರ್ಥವಲ್ಲ. ನೋವಿನ ನಡುವೆಯೂ ಕೆಲಸಕ್ಕೆ ಮರಳುವುದು. ಆದರೆ ಮರಳುವವನಿಗೆ ಬಾಗಿಲು ತೆರೆದಿರಬೇಕು. ಅದನ್ನು ತೆರೆದಿಡುವುದು ಮನೆಯವರ ಮತ್ತು ಗುರುಗಳ ಧರ್ಮ. ಆ ಸೋಮವಾರದ ರಾತ್ರಿ ಊಟವಾದಮೇಲೆ ನಾನೇ ಏಣಿ ತಂದು ಅಟ್ಟ ಹತ್ತಿದೆನು. ಸೊಸೆಯು ಏನನ್ನೂ ಹೇಳದೆ ಏಣಿಯನ್ನು ಹಿಡಿದುಕೊಂಡಳು. ಮೊಮ್ಮಗಳು ಈಗಲೂ ಬಹಳ ಸಲ ಸೋಲುತ್ತಾಳೆ. ಬ್ಯಾಟು ಮಾತ್ರ ಬಾಗಿಲ ಹಿಂದಿನ ಮೊಳೆಯಲ್ಲಿ, ಅವಳ ಕೈಗೆ ಎಟುಕುವಂತೆ ತೂಗುತ್ತಿದೆ.